ಹವ್ಯಾಸಕ್ಕೆ ಫೋಟೋ ತೆಗೆಯುವವರು ದಿನಾ ಏನನ್ನು ತೆಗೆಯುತ್ತೀರಿ? ಒಂದೇ ಊರಲ್ಲಿದ್ದು ಬೇಸರ ಬರಲ್ವಾ?

ನಿಮ್ಮ ಪ್ರಶ್ನೆ ಓದಿ ನಗು ಬಂತು, ನನ್ನದೇ ಕಥೆ ಬರೆದ ಹಾಗಿದೆ. ಕ್ಯಾಮೆರಾ ತಗೊಂಡು ಆರು ತಿಂಗಳಾಯ್ತು, ಊರಲ್ಲಿ ನೋಡೋ ಜಾಗ ಎಲ್ಲ ಮುಗೀತು, ಈಗ ಅದು ಬೀರುವಿನಲ್ಲಿ ಮಲಗಿದೆ ಅಂತೀರಿ. ನನ್ನದು ಒಂದು ವರ್ಷ ತಿಜೋರಿಯಲ್ಲಿ ಸೀರೆಗಳ ಕೆಳಗೆ ಮಲಗಿತ್ತು.

ನಾನು ವಿಜಯಪುರದವನು. ಒಂದು ಸಣ್ಣ ಸೊಸೈಟಿಯಲ್ಲಿ ಲೆಕ್ಕ ಬರೆಯುವ ಕೆಲಸ. ಗೆಳೆಯನಿಂದ ತಗೊಂಡ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ, ಅದರ ಜೊತೆ ಬಂದ 18-55 ಲೆನ್ಸ್, ಅಷ್ಟೇ ಆಸ್ತಿ. ಕೈಗೆ ಬಂದ ಮೊದಲ ಭಾನುವಾರವೇ ಗೋಳಗುಮ್ಮಟಕ್ಕೆ ಓಡಿದೆ. ಈ ಊರಲ್ಲಿ ಕ್ಯಾಮೆರಾ ಹಿಡಿದವರೆಲ್ಲ ಮೊದಲು ಓಡುವುದು ಅಲ್ಲಿಗೇ. 1656ರಲ್ಲಿ ಮುಗಿದ ಕಟ್ಟಡ, ಗುಮ್ಮಟದ ಹೊರಗಿನ ಅಗಲವೇ 44 ಮೀಟರ್, ಹತ್ತಿರ ನಿಂತರೆ ಫ್ರೇಮಿನಲ್ಲಿ ಕೂರುವುದೇ ಇಲ್ಲ, ಹಿಂದೆ ಹಿಂದೆ ಸರಿದು ಹುಲ್ಲಿನ ಮೇಲೆ ಬಂದು ನಿಂತರೆ ಅಲ್ಲಿ ಆಗಲೇ ಹತ್ತು ಜನ ಗುಮ್ಮಟವನ್ನು ಅಂಗೈ ಮೇಲೆ ಇಟ್ಟುಕೊಂಡು ಪೋಸ್ ಕೊಡುತ್ತಿರುತ್ತಾರೆ. ಬೆಳಗ್ಗೆ ತೆಗೆದೆ, ಸಂಜೆ ತೆಗೆದೆ, ಮೋಡ ಇದ್ದಾಗ ತೆಗೆದೆ. ಆಮೇಲೆ ಇಬ್ರಾಹಿಂ ರೋಜಾ, ಉಪ್ಪಲಿ ಬುರುಜು, ತಾಜ್ ಬಾವಡಿ. ಮೂರು ತಿಂಗಳಲ್ಲಿ ಊರು ಖಾಲಿ! ಒಂದು ದಿನ ಎಲ್ಲ ಫೋಟೋ ಹಾಕಿಕೊಂಡು ನೋಡಿದರೆ ನಮ್ಮ ಸೊಸೈಟಿಯ ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿಗೂ ನನ್ನ ಫೋಟೋಗಳಿಗೂ ಏನೂ ಫರಕ್ ಇರಲಿಲ್ಲ. ಕ್ಯಾಲೆಂಡರಿನದೇ ಸ್ವಲ್ಪ ಚೆನ್ನಾಗಿತ್ತು. ಅವತ್ತೇ ಕ್ಯಾಮೆರಾ ತಿಜೋರಿ ಸೇರಿದ್ದು.

ಅದು ಹೊರಗೆ ಬಂದಿದ್ದು ಶಾವಿಗೆ ಕಾಯುವಾಗ. ಏಪ್ರಿಲ್ ತಿಂಗಳು, ಅವ್ವ ಮತ್ತು ನನ್ನ ಹೆಂಡತಿ ಮಾಳಿಗೆ ಮೇಲೆ ಶಾವಿಗೆ ಒಣಹಾಕಿ ನನ್ನ ಕೈಗೆ ಕೋಲು ಕೊಟ್ಟು ಕೂರಿಸಿದ್ದರು, ಕಾಗೆ ಬಂದರೆ ಓಡಿಸು ಅಂತ. ಸುಮ್ನೆ ಕೂತವನು ಎದುರು ನೋಡಿದೆ. ತಂತಿಯ ಮೇಲೆ ಮಗನ ಎರಡು ಬನಿಯನ್ ಒಣಗುತ್ತಿದ್ದವು. ಎರಡು ಬನಿಯನ್ನುಗಳ ನಡುವೆ ದೂರದಲ್ಲಿ ಗೋಳಗುಮ್ಮಟ. ಬನಿಯನ್ನಿಗಿಂತ ಚಿಕ್ಕದು! ಗಾಳಿ ಬಂದಾಗೊಮ್ಮೆ ಒಂದು ಬನಿಯನ್ನು ಇಡೀ ಗುಮ್ಮಟವನ್ನು ಮುಚ್ಚಿಬಿಡುತ್ತಿತ್ತು. ಓಡಿಹೋಗಿ ಕ್ಯಾಮೆರಾ ತಂದೆ. ಅವ್ವ ಕೆಳಗಿಂದಲೇ ಕೂಗಿದಳು, "ಏ, ಆ ಅರಿವಿ ತಗದು ಆಮ್ಯಾಗ ಫೋಟೋ ತಗಿಯೋ, ಮಂದಿ ನೋಡಿದ್ರ ಏನಂತಾರ?" ತೆಗೆದಿದ್ದರೆ ಫೋಟೋ ಎಲ್ಲಿರುತ್ತಿತ್ತು? ಅಷ್ಟರಲ್ಲಿ ಕಾಗೆ ಬಂದು ಶಾವಿಗೆಯ ಒಂದು ಮೂಲೆ ಕೆದರಿತ್ತು, ಅದಕ್ಕೆ ಬೈಗುಳವೂ ಸಿಕ್ಕಿತು. ಆದರೆ ಅದು ನಮ್ಮ ಮನೆಯ ಗುಮ್ಮಟ, ಯಾವ ಕ್ಯಾಲೆಂಡರಿನಲ್ಲೂ ಇಲ್ಲದ್ದು.

ಅದರ ನಂತರ ನಾನು ಜಾಗ ಹುಡುಕುವುದು ಬಿಟ್ಟೆ. ಬೆಳಕಿನ ಟೈಮ್ ಟೇಬಲ್ ಹುಡುಕತೊಡಗಿದೆ ಅನ್ನಿ. ಮನೆಯಿಂದ ಆಫೀಸಿಗೆ ನಡೆದರೆ ಹದಿನೈದು ನಿಮಿಷ. ಗಾಡಿ ರಿಪೇರಿಗೆ ಹೋಗಿದ್ದಾಗ ಎರಡು ವಾರ ನಡೆಯಬೇಕಾಗಿ ಬಂತು, ಗಾಡಿ ಬಂದ ಮೇಲೂ ನಡಿಗೆ ಬಿಡಲಿಲ್ಲ. ಆ ದಾರಿಯಲ್ಲಿ ಒಂದು ಓಣಿ, ಓಣಿಯಲ್ಲಿ ರೊಟ್ಟಿ ಬಡಿದು ಮಾರುವ ಒಬ್ಬ ಅಕ್ಕ. ಜನವರಿಯಲ್ಲಿ ಒಂಬತ್ತೂವರೆ ಹೊತ್ತಿಗೆ ಪಕ್ಕದ ಎರಡು ಮನೆಗಳ ಸಂದಿಯಿಂದ ಒಂದು ಪಟ್ಟಿ ಬಿಸಿಲು ಓರೆಯಾಗಿ ಬಂದು ಅವರ ಒಲೆಯ ಹಿಂದೆ ಬೀಳುತ್ತದೆ. ಏಳೆಂಟು ನಿಮಿಷ ಅಷ್ಟೇ. ಆ ಹೊತ್ತಿನಲ್ಲಿ ಹಂಚಿನಿಂದ ಏಳುವ ಹಬೆ, ಅವರು ಕೈ ಕೊಡವಿದಾಗ ಹಾರುವ ಹಿಟ್ಟು, ಒಲೆಯ ಹೊಗೆ ಮೂರೂ ಬೇರೆ ಬೇರೆಯಾಗಿ ಕಾಣುತ್ತವೆ. ಹಬೆ ಹೊಗೆ ಧೂಳು ಯಾವುದಕ್ಕೂ ಬೆಳಕು ಹಿಂದಿನಿಂದ ಬರಬೇಕು, ಅದರ ಹಿಂದೆ ಕತ್ತಲೆ ಇರಬೇಕು. ಬೆಳಕು ನಿಮ್ಮ ಬೆನ್ನ ಹಿಂದೆ ಇದ್ದರೆ ಅದೇ ಹಬೆ ಕಾಣುವುದೇ ಇಲ್ಲ. ಇದನ್ನು ನಾನು ಓದಿ ಕಲಿತದ್ದಲ್ಲ, ಓಣಿಯ ಆ ಬದಿ ಈ ಬದಿ ನಿಂತು ಕಲಿತದ್ದು.

ಮೊದಲ ಮೂರು ದಿನ ದೂರದಿಂದ ಕದ್ದು ತೆಗೆದೆ, ತಪ್ಪು. ನಾಲ್ಕನೇ ದಿನ ಅವರೇ ಕೇಳಿದರು, "ಏನ್ ತಗಿತೀರಿ ಸರ ಅಲ್ಲೇ ನಿಂತು? ರೊಟ್ಟಿ ಬೇಕಾದ್ರ ಕೇಳ್ರಿ." ನಾಚಿಕೆಯಾಗಿ ಹತ್ತಿರ ಹೋಗಿ, "ಅಕ್ಕಾರ, ನೀವು ರೊಟ್ಟಿ ಬಡಿಯೂದು ತಗಿಲೇನ್ರಿ?" ಅಂದೆ. "ತಗೀರಿ, ಅದರಾಗ ಏನೈತಿ" ಅಂದರು. ಅದಾದ ಮೇಲೆ ಸುಮಾರು ದಿನ ಬರೀ ಅವರ ಕೈ ತೆಗೆದೆ. ಷಟರ್ (ಬೆಳಕು ಒಳಗೆ ಬಿಡುವ ಹೊತ್ತು) ಸೆಕೆಂಡಿನ 1/500 ಇಟ್ಟರೆ ಕೈ ಹಿಟ್ಟಿನ ಮೇಲೆ ಅಂಟಿಸಿಟ್ಟ ಹಾಗೆ ನಿಂತುಬಿಡುತ್ತಿತ್ತು, ಜೀವವೇ ಇಲ್ಲ. 1/30ಕ್ಕೆ ಇಳಿಸಿದೆ. ಕೈ ಮಸುಕಾಯ್ತು, ಒಲೆ ಗಟ್ಟಿಯಾಗಿ ಉಳೀತು, ಪಟಪಟ ಸದ್ದು ಫೋಟೋದೊಳಗೆ ಬಂದ ಹಾಗಾಯ್ತು. ಇನ್ನೊಂದು ತೊಂದರೆ, ಬಿಳಿಜೋಳದ ರೊಟ್ಟಿ ಫೋಟೋದಲ್ಲಿ ಬೂದಿ ಬಣ್ಣಕ್ಕೆ ಬರುತ್ತಿತ್ತು. ಕ್ಯಾಮೆರಾಕ್ಕೆ ಜಗತ್ತೆಲ್ಲ ಬೂದು ಬಣ್ಣವೇ, ಬಿಳಿ ತುಂಬಿದರೆ ಜಾಸ್ತಿ ಬೆಳಕು ಬಂತು ಅಂದುಕೊಂಡು ಅದನ್ನು ಕುಗ್ಗಿಸುತ್ತದೆ, ಕಪ್ಪು ತುಂಬಿದರೆ ಬೆಳಕು ಸಾಲದು ಅಂತ ಹಿಗ್ಗಿಸುತ್ತದೆ. ಹಾಗಾಗಿ ರೊಟ್ಟಿಗೆ ಎಕ್ಸ್‌ಪೋಷರ್ (ಒಳಗೆ ಬಿಡುವ ಬೆಳಕು) ಒಂದು ಮೆಟ್ಟಿಲು ಏರಿಸಬೇಕು. ಬಾರಾ ಕಮಾನಿನ ಕಪ್ಪು ಕಲ್ಲಿಗೆ ಒಂದು ಮೆಟ್ಟಿಲು ಇಳಿಸಬೇಕು. ಮೊಬೈಲಿನಲ್ಲೂ ಇದು ಆಗುತ್ತದೆ, ಪರದೆ ಮೇಲೆ ಒತ್ತಿ ಬೆರಳು ಮೇಲೆ ಕೆಳಗೆ ಎಳೆದರೆ ಸಾಕು.

ಬಾರಾ ಕಮಾನು ಅಂದಾಗ ನೆನಪಾಯ್ತು. ಎರಡನೇ ಅಲಿ ಆದಿಲ್ ಶಾ ತನ್ನ ಗೋರಿಗಾಗಿ ಶುರುಮಾಡಿಸಿದ್ದು, 1672ರಲ್ಲಿ ಅರ್ಧಕ್ಕೇ ನಿಂತುಹೋಯ್ತು, ಮೇಲೆ ಛಾವಣಿಯೇ ಇಲ್ಲ. ಛಾವಣಿ ಇಲ್ಲದ್ದಕ್ಕೇ ಅಲ್ಲಿ ಕಮಾನುಗಳ ನೆರಳು ನೆಲದ ಮೇಲೆ ಓಡಾಡುತ್ತದೆ. ಚಳಿಗಾಲದಲ್ಲಿ ಉದ್ದುದ್ದ. ಮೇ ಮೊದಲ ವಾರದ ಹೊತ್ತಿಗೆ ನಮ್ಮೂರಲ್ಲಿ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ, ಆಗ ಕಂಬದ ನೆರಳು ಕಂಬದ ಕಾಲಡಿಯೇ ಸೇರಿಕೊಳ್ಳುತ್ತದೆ. ಆಗಸ್ಟಿನಲ್ಲಿ ಮತ್ತೊಮ್ಮೆ ಹಾಗೇ ಆಗುತ್ತದೆ, ಆದರೆ ಆಗ ಮೋಡ. ಮೇ ತಿಂಗಳ ಉರಿಬಿಸಿಲಲ್ಲಿ ಅದನ್ನು ನೋಡಲು ಹೋದ ಹುಚ್ಚ ನಾನೊಬ್ಬನೇ, ಅಲ್ಲಿದ್ದ ನಾಯಿ ಕೂಡ ನೆರಳು ಹುಡುಕಿ ಹುಡುಕಿ ಸಿಗದೆ ಎದ್ದು ಹೋಯ್ತು. ಆ ನಾಯಿಯ ಫೋಟೋ ಇದೆ, ನೆರಳಿಲ್ಲದ ನಾಯಿ. ರೊಟ್ಟಿ ಅಕ್ಕನ ಬಿಸಿಲಿನ ಪಟ್ಟಿಯೂ ಹಾಗೇ, ಬೇಸಿಗೆಯಲ್ಲಿ ಆ ಸಂದಿಗೆ ಬರುವುದೇ ಇಲ್ಲ, ಮತ್ತೆ ಚಳಿ ಬರುವವರೆಗೆ ಕಾಯಬೇಕು. ಒಂದೇ ಊರಲ್ಲಿ ಬೇಸರ ಬರಲ್ವಾ ಅಂದಿರಲ್ಲ, ನನಗೆ ಟೈಮೇ ಸಾಲುತ್ತಿಲ್ಲ.

ಇನ್ನು ದೊಡ್ಡ ಕ್ಯಾಮೆರಾ ಬೇಕಾ ಅನ್ನುವ ವಿಷಯ. ನನ್ನ ಹೆಂಡತಿಯ ತವರು ತಾಳಿಕೋಟಿ ಕಡೆ, ಡೋಣಿ ನದಿಯ ಎರೆ ಭೂಮಿ. ಡೋಣಿ ಹರಿದರೆ ಓಣೆಲ್ಲ ಜೋಳ ಅಂತ ನಮ್ಮ ಕಡೆ ಮಾತೇ ಇದೆ. ಹೋದ ವರ್ಷ ಮಾವ ರಾಶಿಗೆ ಕರೆದರು. ಮಿಷನ್ನಿನ ಬಾಯಿಂದ ಹೊಟ್ಟು ಮೋಡದ ಹಾಗೆ ಹಾರುತ್ತಿತ್ತು, ಸಂಜೆ ಬಿಸಿಲು ಹಿಂದೆ, ಆಹಾ ಅಂದುಕೊಂಡು ಗೆಳೆಯ ಕೊಟ್ಟ 50 ಎಂಎಂ ಲೆನ್ಸ್ ಹಾಕೋಣ ಅಂತ ಅಲ್ಲೇ, ಆ ಧೂಳಿನಲ್ಲೇ, ಲೆನ್ಸ್ ಬಿಚ್ಚಿದೆ. ಜೋಳದ ಸುಂಕು ಮೈಮೇಲೆ ಬಿದ್ದರೇ ಎರಡು ದಿನ ಕಡಿತ ಹೋಗಲ್ಲ, ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರ್ ಮೇಲೆ ಕೂತರೆ ಕೇಳಬೇಕಾ. ಮುಂದಿನ ಎಲ್ಲ ಫೋಟೋಗಳ ಆಕಾಶದಲ್ಲಿ ಕಪ್ಪು ಚುಕ್ಕೆ. ಸ್ವಚ್ಛ ಮಾಡಲು ಕೊಟ್ಟ ಅಂಗಡಿಯವರು "ನಾಳೆ ಬರ್ರಿ" ಅಂತ ಮೂರು ವಾರ ತಿರುಗಿಸಿದರು.

ಆ ಮೂರು ವಾರ ಮೊಬೈಲೇ ಗತಿ. ನೋಡಿದರೆ ನನ್ನ ಒಳ್ಳೆಯ ಫೋಟೋಗಳಲ್ಲಿ ಅರ್ಧ ಆಗಲೇ ತೆಗೆದವು. ಕ್ಯಾಮೆರಾ ಕಂಡರೆ ನಮ್ಮ ಮಂದಿ ಸೆಟೆದು ನಿಲ್ಲುತ್ತಾರೆ, ಅಂಗಿಯ ಗುಂಡಿ ಹಾಕಿಕೊಳ್ಳುತ್ತಾರೆ. ಮೊಬೈಲಿಗೆ ಯಾರೂ ಬೆಲೆ ಕೊಡಲ್ಲ, ಅದೇ ಅದರ ಗುಣ. ತಿಕೋಟಾ ಕಡೆ ಒಣದ್ರಾಕ್ಷಿ ಶೆಡ್ಡಿಗೆ ಹೋಗಿದ್ದೆ, ಹಂತ ಹಂತವಾಗಿ ಬಲೆ ಕಟ್ಟಿ ಹಸಿ ದ್ರಾಕ್ಷಿ ಹರವಿರುತ್ತಾರೆ, ಬಿಸಿಲು ನೇರ ಬೀಳಬಾರದು ಅಂತ ಸುತ್ತ ಹಸಿರು ಪರದೆ. ಒಳಗೆ ನಿಂತವರ ಮುಖವೆಲ್ಲ ಹಸಿರು, ಹಲ್ಲು ಕೂಡ! ಕ್ಯಾಮೆರಾ ಇದ್ದಿದ್ದರೆ ಬಣ್ಣ ಸರಿಮಾಡಲು ಗುದ್ದಾಡುತ್ತಿದ್ದೆ. ಮೊಬೈಲಿನಲ್ಲಿ ಹಾಗೇ ಬಿಟ್ಟೆ, ದ್ರಾಕ್ಷಿಗೂ ಮನುಷ್ಯರಿಗೂ ಒಂದೇ ಬಣ್ಣ, ಅವರಿಗೆ ತೋರಿಸಿದರೆ ಬಿದ್ದು ಬಿದ್ದು ನಕ್ಕರು. ಹಾಗಾಗಿ ಹೊಸ ಲೆನ್ಸ್ ತಗೋಬೇಡಿ. ಆ ದುಡ್ಡಲ್ಲಿ ಪ್ರಿಂಟ್ ಹಾಕಿಸಿ, ಯಾರ ಫೋಟೋವೋ ಅವರಿಗೇ ಕೊಡಿ.

ಕೊಟ್ಟಾಗ ಏನಾಗುತ್ತದೆ ಅಂತಲೂ ಹೇಳಿಬಿಡುತ್ತೇನೆ. ರೊಟ್ಟಿ ಅಕ್ಕನ ಕೈಯ ಫೋಟೋಗಳಲ್ಲಿ ಒಂದನ್ನು ಆರಿಸಿ, ಹಬೆ, ಹಿಟ್ಟು, ಮಸುಕು ಕೈ ಎಲ್ಲ ಇದ್ದದ್ದು, ದೊಡ್ಡದಾಗಿ ಪ್ರಿಂಟ್ ಮಾಡಿಸಿ, ಲ್ಯಾಮಿನೇಶನ್ ಮಾಡಿಸಿ ಹೆಮ್ಮೆಯಿಂದ ತಗೊಂಡು ಹೋದೆ. ಅವರು ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು ಫೋಟೋ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ನನ್ನ ಮಾರಿ ಎಲ್ಲೈತ್ರಿ ಇದರಾಗ?"

ಇಲ್ಲ ಅಕ್ಕಾರ, ಇದು ಕೈ, ನಿಮ್ಮ ಕೆಲಸ ತೋರಸ್ತದ ಅಂತ ಏನೇನೋ ಹೇಳಿದೆ.

"ಕೈ ಯಾರದರೆ ಆಗ್ಲಿ ಬಿಡ್ರಿ. ಇಷ್ಟ್ ದಿನ ನಿಂತು ಬರೀ ಕೈ ತಗದೀರಿ? ಪೂರಾ ಫೋಟೋ ತಗೀರಿ, ಮಗಳ ಮನಿಗೆ ಕಳಸ್ತೀನಿ."

ಶುಕ್ರವಾರ ಬನ್ನಿ ಅಂದರು. ಶುಕ್ರವಾರ ಒಲೆ ಹಚ್ಚಿರಲಿಲ್ಲ. ಇಳಕಲ್ ಸೀರೆ ಉಟ್ಟು, ತಲೆ ಮೇಲೆ ಸೆರಗು ಹೊದ್ದು, ಗೋಡೆಗೆ ಬೆನ್ನು ಕೊಟ್ಟು ನೆಟ್ಟಗೆ ನಿಂತರು. ನಗಲಿಲ್ಲ. ಸ್ವಲ್ಪ ಈ ಕಡೆ ಬರ್ರಿ, ಬೆಳಕು ಛಲೋ ಐತಿ ಅಂದರೆ "ಇಲ್ಲೇ ತಗೀರಿ, ಅಲ್ಲಿ ಗಟಾರ ಕಾಣತೈತಿ" ಅಂದರು. ತೆಗೆದೆ. ಗುರುತಿನ ಚೀಟಿಗೆ ತೆಗೆದ ಹಾಗಿದೆ, ಬೆಳಕು ಚಪ್ಪಟೆ, ಆದರೆ ಅವರ ಮುಖದ ಗತ್ತು ನೋಡಬೇಕು ನೀವು, ನಾನು ತೆಗೆದ ಕೈಗಳಲ್ಲಿ ಅದು ಎಲ್ಲೂ ಇರಲಿಲ್ಲ. ಎರಡು ಪ್ರತಿ ಮಾಡಿಸಿಕೊಟ್ಟೆ, ಒಂದು ಮಗಳಿಗೆ, ಒಂದು ಮನೆಗೆ. ದುಡ್ಡು ಬೇಡ ಅಂದಿದ್ದಕ್ಕೆ ಇಪ್ಪತ್ತು ಕಡಕ್ ರೊಟ್ಟಿ, ಜೊತೆಗೆ ಶೇಂಗಾ ಚಟ್ನಿ ಕಟ್ಟಿಕೊಟ್ಟರು.

ಕೈಯ ಫೋಟೋ ಏನಾಯ್ತು ಅಂತೀರಾ? ಅವರ ಮಗ ಅದರ ಕೆಳಗಡೆ ಮಾರ್ಕರ್ ಪೆನ್ನಿನಲ್ಲಿ "ಬಿಸಿ ರೊಟ್ಟಿ 1ಕ್ಕೆ 8 ರೂ." ಅಂತ ದಪ್ಪಗೆ ಬರೆದು ಬಾಗಿಲಿಗೆ ತೂಗುಹಾಕಿದ್ದಾನೆ. ಹೋದ ವಾರ ದರ 10 ಆಯ್ತು, 8 ಅಳಿಸಲು ಹೋಗಿ ಹಬೆಯ ಮೇಲೆಲ್ಲ ಮಸಿ ಬಳಿದುಬಿಟ್ಟಿದೆ. ಇನ್ನೊಂದು ಪ್ರಿಂಟ್ ಕೊಡ್ರಿ ಸರ, ಈ ಸಲ ಕೆಳಗ ಸ್ವಲ್ಪ ಜಾಗ ಬಿಟ್ಟು ತಗೀರಿ ಅಂದಿದ್ದಾರೆ.