ಸೈಲೆನ್ಸರ್ ಮತ್ತೆ ಮತ್ತೆ ಒಡೆಯುತ್ತೆ, ಕ್ಲಚ್ ಬಿಟ್ರೆ ಗಾಡಿ ನಡುಗುತ್ತೆ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಸರ್, ನನ್ನ ಹತ್ರ ಇರೋದು ಹಳೇ ಚಿಕ್ಕ ಪೆಟ್ರೋಲ್ ಕಾರು, ಕೇಬಲ್ ಕ್ಲಚ್. ಸೈಲೆನ್ಸರ್‌ನ ಮುಂದಿನ ಪೈಪು ಎಂಜಿನ್‌ಗೆ ಸೇರೋ ಜಾಗದ ಹತ್ರ ಬಿರುಕು ಬಿಟ್ಟಿತ್ತು, ವೆಲ್ಡಿಂಗ್ ಮಾಡಿಸ್ದೆ, ಸ್ವಲ್ಪ ದಿನಕ್ಕೇ ಅದೇ ಜಾಗದಲ್ಲಿ ಮತ್ತೆ ಒಡೀತು. ಈಗ ಫಸ್ಟ್ ಗೇರಲ್ಲಿ ಕ್ಲಚ್ ಬಿಡುವಾಗ ಇಡೀ ಗಾಡಿ ಗಡಗಡ ಅಂತ ನಡುಗುತ್ತೆ. ಗೇರ್ ಬಾಕ್ಸ್ ಇಳಿಸಿ ಕ್ಲಚ್ ಸೆಟ್ ಪೂರ್ತಿ ಬದಲಾಯಿಸ್ಬೇಕು ಅಂತಿದ್ದಾರೆ ಮೆಕ್ಯಾನಿಕ್. ಮಾಡಿಸ್ಲಾ?

ಉತ್ತರ: ಸ್ವಲ್ಪ ತಡೀರಿ. ಗೇರ್ ಬಾಕ್ಸ್ ಇಳಿಸೋಕೆ ಮುಂಚೆ ಎಂಜಿನ್ ಮೌಂಟಿಂಗ್, ಅಂದ್ರೆ ಎಂಜಿನ್‌ನ ಗಾಡಿಗೆ ಹಿಡಿದಿಟ್ಟಿರೋ ರಬ್ಬರ್ ಜೋಡಣೆ, ನೋಡ್ಸಿ. ನೀವು ಎರಡು ತೊಂದ್ರೆ ಬರ್ದಿದೀರಿ, ಆದ್ರೆ ಎರಡರ ಬೇರು ಒಂದೇ ಇರೋ ಸಾಧ್ಯತೆ ಜಾಸ್ತಿ.

ಮುಂದಿನ ಚಕ್ರಕ್ಕೆ ಪವರ್ ಹೋಗೋ ಚಿಕ್ಕ ಕಾರುಗಳಲ್ಲಿ ಎಂಜಿನ್ ಸಾಮಾನ್ಯವಾಗಿ ಅಡ್ಡಡ್ಡ ಕೂತಿರುತ್ತೆ, ಪೆಡಲ್ ಬಿಡುವಾಗ ಕ್ಲಚ್ ಹಿಡಿದ ತಕ್ಷಣ ಎಂಜಿನ್ ಹಿಂದಕ್ಕೋ ಮುಂದಕ್ಕೋ ವಾಲೋಕೆ ನೋಡುತ್ತೆ, ಆ ವಾಲಾಟ ತಡೆಯೋದೇ ಮೌಂಟಿಂಗ್ ರಬ್ಬರ್ ಕೆಲಸ. ರಬ್ಬರ್ ಹರಿದಿದ್ರೆ ಎಂಜಿನ್ ಧಡ್ ಅಂತ ವಾಲಿ ವಾಪಸ್ ಬರುತ್ತೆ, ಅದೇ ನಿಮಗೆ ಕ್ಲಚ್ ನಡುಕದ ಥರ ಅನ್ಸೋದು. ಸೈಲೆನ್ಸರ್‌ನ ಒಂದು ತುದಿ ಎಂಜಿನ್‌ಗೆ ಬಿಗಿದಿದೆ, ಉಳಿದಿದ್ದು ಗಾಡಿ ತಳದಲ್ಲಿ ನೇತಾಡ್ತಿದೆ, ಹಾಗಾಗಿ ಎಂಜಿನ್ ವಾಲಿದಾಗೆಲ್ಲ ಏಟು ಬೀಳೋದು ಸರಿಯಾಗಿ ನಿಮ್ಮ ಪೈಪು ಒಡೆದ ಜಾಗಕ್ಕೇ. ಎಷ್ಟು ಸಲ ವೆಲ್ಡ್ ಮಾಡಿಸಿದ್ರೂ ನಿಲ್ಲಲ್ಲ.

ಪರೀಕ್ಷೆ ಸುಲಭ. ಬಯಲು ಜಾಗದಲ್ಲಿ ಬಾನೆಟ್ ತೆಗೆದು, ಹ್ಯಾಂಡ್‌ಬ್ರೇಕ್ ಎಳೆದು, ಕಾಲಿನ ಬ್ರೇಕೂ ಒತ್ತಿಟ್ಕೊಂಡು, ಫಸ್ಟ್ ಗೇರಲ್ಲಿ ಕ್ಲಚ್ ನಿಧಾನ ಬಿಡ್ತಾ, ಗಾಡಿ ಎಳೆಯೋಕೆ ನೋಡೋ, ಅಂದ್ರೆ ಕ್ಲಚ್ ಹಿಡಿಯೋ ಪಾಯಿಂಟ್‌ವರೆಗೆ ಮಾತ್ರ ತನ್ನಿ, ಆಮೇಲೆ ರಿವರ್ಸಲ್ಲೂ ಹಾಗೇ ಮಾಡಿ. ಇನ್ನೊಬ್ರು ಪಕ್ಕದಲ್ಲಿ ನಿಂತು ಎಂಜಿನ್ ನೋಡ್ಲಿ, ಗಾಡಿ ಮುಂದೆ ಹಿಂದೆ ಮಾತ್ರ ಯಾರೂ ನಿಲ್ಲಬಾರ್ದು. ಸ್ವಲ್ಪ ಅಲುಗೋದು ಸಹಜ, ಎದ್ದು ಕೂತ ಹಾಗೆ ಕಂಡ್ರೆ ಮೌಂಟಿಂಗ್ ಹೋಗಿದೆ.

ಪೈಪಿನ ಜಾಯಿಂಟ್ ಕೂಡ ಹತ್ತಿರದಿಂದ ನೋಡಿ. ಎಷ್ಟೋ ಗಾಡಿಗಳಲ್ಲಿ ಅಲ್ಲಿ ಎರಡು ಬೋಲ್ಟು, ಎರಡು ಸ್ಪ್ರಿಂಗು, ಮಧ್ಯೆ ಹೊಗೆ ಸೋರದಂತೆ ತಡೆಯೋ ಉಂಗುರದ ಥರದ ಗ್ಯಾಸ್ಕೆಟ್ ಇರುತ್ತೆ, ಎಂಜಿನ್ ಅಲುಗಿದಾಗ ಜಾಯಿಂಟ್ ಸ್ವಲ್ಪ ಬಾಗ್ಲಿ ಅಂತಲೇ ಆ ಸ್ಪ್ರಿಂಗ್ ಇಟ್ಟಿರೋದು. ತುಕ್ಕು ಹಿಡಿದು ಸ್ಪ್ರಿಂಗ್ ಮುರಿದಾಗ ಬರೀ ಬೋಲ್ಟ್ ಹಾಕಿ ಗಟ್ಟಿಯಾಗಿ ಬಿಗಿದುಬಿಡ್ತಾರೆ, ಪೈಪು ನೇತುಹಾಕಿರೋ ರಬ್ಬರ್ ಹ್ಯಾಂಗರ್ ಕಿತ್ತಾಗ ತಂತಿ ಸುತ್ತುತ್ತಾರೆ, ಆಮೇಲೆ ಪೈಪಿಗೆ ಅಲುಗೋಕೆ ಜಾಗವೇ ಇರಲ್ಲ, ಒಡೆಯೋದೊಂದೇ ದಾರಿ. ಮೌಂಟಿಂಗ್ ಮೊದ್ಲು ಹಾಕ್ಸಿ. ಆಮೇಲೆ ಹೊಸ ಗ್ಯಾಸ್ಕೆಟ್, ಸ್ಪ್ರಿಂಗ್, ಹ್ಯಾಂಗರ್ ಹಾಕಿ ಪೂರ್ತಿ ಸೈಲೆನ್ಸರ್ ಸಡಿಲವಾಗೇ ನೇತುಹಾಕಿ, ಎಲ್ಲೂ ಎಳೆತ ಇಲ್ಲ ಅಂತ ನೋಡ್ಕೊಂಡು, ಎಂಜಿನ್ ಕಡೆಯಿಂದ ಹಿಂದಕ್ಕೆ ಒಂದೊಂದೇ ಬಿಗೀತಾ ಬನ್ನಿ. ವೆಲ್ಡಿಂಗ್ ಟೈಮಲ್ಲಿ ಬ್ಯಾಟರಿ ಕನೆಕ್ಷನ್ ತೆಗೆಸೋದು ಮರೀಬೇಡಿ.

ಮೌಂಟಿಂಗ್ ಚೆನ್ನಾಗಿದ್ದೂ ನಡುಕ ಇದ್ರೆ ಆಗ ಕ್ಲಚ್ ಮೇಲೆ ಅನುಮಾನ ಪಡಿ. ಕ್ಲಚ್ ಪ್ಲೇಟಿಗೆ ಎಣ್ಣೆ ತಾಗಿದ್ರೂ ಹೀಗೇ ನಡುಗುತ್ತೆ, ಗೇರ್ ಬಾಕ್ಸ್ ಎಂಜಿನ್ ಸೇರೋ ಜಾಗದ ಕೆಳಗೆ ಎಣ್ಣೆ ಜಿನುಗಿದೆಯಾ ನೋಡಿ. ಇದ್ರೆ ಎಣ್ಣೆ ಸೋರದಂತೆ ತಡೆಯೋ ಆಯಿಲ್ ಸೀಲ್ ಬದಲಾಯಿಸದೇ ಬರೀ ಪ್ಲೇಟ್ ಹಾಕಿಸಿದ್ರೆ ಹೊಸ ಪ್ಲೇಟೂ ಹಾಳು. ಗೇರ್ ಬಾಕ್ಸ್ ಇಳಿಸಿದ ಮೇಲಂತೂ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ಹಾಕ್ಸಿ, ಕ್ಲಚ್ ಪ್ಲೇಟ್ ಒತ್ತಿ ಹಿಡಿಯೋ ಎಂಜಿನ್ ಚಕ್ರ ಫ್ಲೈವೀಲ್ ಮೇಲೆ ನೀಲಿ ಕಲೆ, ಸಣ್ಣ ಬಿರುಕು ಇದೆಯಾ ನೀವೇ ನಿಂತು ನೋಡಿ. ಒಳಗಿನ ಧೂಳನ್ನ ಗಾಳಿ ಹೊಡೆದು ಊದಬೇಡಿ ಅಂತ ಹೇಳಿ, ಹಳೇ ಪ್ಲೇಟಲ್ಲಿ ಆಸ್ಬೆಸ್ಟಾಸ್ ಇರಬಹುದು, ಒದ್ದೆ ಬಟ್ಟೇಲಿ ಒರೆಸ್ಲಿ.

ಪ್ರಶ್ನೆ: ಕ್ಲಚ್ ಕೇಬಲ್ ಹೊಸದು ಹಾಕಿಸಿದ್ರೂ ಬೇಗ ಟೈಟ್ ಆಗುತ್ತೆ, ಪೆಡಲ್ ಒತ್ತಿ ಒತ್ತಿ ಕಾಲು ನೋವು. ಜೊತೆಗೆ ಬೆಳಿಗ್ಗೆ ಸ್ಟಾರ್ಟರ್ ಸುಸ್ತಾಗಿ ತಿರುಗುತ್ತೆ. ಬ್ಯಾಟರಿ ಹೊಸದೇ.

ಉತ್ತರ: ಎಂಜಿನ್ನಿಂದ ಗಾಡಿಯ ಲೋಹದ ಬಾಡಿವರೆಗೆ ಹೋಗೋ ಅರ್ಥ್ ವಯರ್ ಚೆಕ್ ಮಾಡ್ಸಿ. ಅದು ತುಕ್ಕು ಹಿಡಿದಿದ್ರೆ ಅಥವಾ ತುಂಡಾಗಿದ್ರೆ ಸ್ಟಾರ್ಟರ್ ಎಳೆಯೋ ಭಾರಿ ಕರೆಂಟು ವಾಪಸ್ ಹೋಗೋಕೆ ಬೇರೆ ದಾರಿ ಹುಡುಕುತ್ತೆ, ಕ್ಲಚ್ ಕೇಬಲ್ಲಿನ ಉಕ್ಕಿನ ತಂತಿ ಸಿಕ್ಕಿಬಿಡುತ್ತೆ. ತಂತಿ ಕಾದು ಒಳಗಿನ ಪ್ಲಾಸ್ಟಿಕ್ ಕರಗಿ ಅಂಟ್ಕೊಳ್ಳುತ್ತೆ. ಸ್ಟಾರ್ಟ್ ಮಾಡಿದ ತಕ್ಷಣ ಕೇಬಲ್ ಮೇಲೆ ಕೈಯಿಟ್ಟು ನೋಡಿ, ಬೆಚ್ಚಗಾಗಿದ್ರೆ ಇದೇ ಕಾರಣ. ಅರ್ಥ್ ವಯರ್ ಹೊಸದು ಹಾಕಿ, ಕೂರೋ ಜಾಗದ ಪೇಂಟು, ತುಕ್ಕು ಎಲ್ಲಾ ಉಜ್ಜಿ ತೆಗೆದು ಬಿಗಿಸಿ, ಆಮೇಲೆ ಹೊಸ ಕೇಬಲ್. ಪೆಡಲ್ ಫ್ರೀ ಪ್ಲೇ, ಅಂದ್ರೆ ಕ್ಲಚ್ ಕೆಲ್ಸ ಶುರುವಾಗೋಕೆ ಮುಂಚೆ ಪೆಡಲ್ ಸಡಿಲವಾಗಿ ಇಳಿಯೋ ದೂರ, ಸಾಮಾನ್ಯವಾಗಿ 15ರಿಂದ 25 ಮಿ.ಮೀ. ಇರ್ಬೇಕು, ನಿಮ್ಮ ಗಾಡಿ ಮ್ಯಾನುಯಲ್ ಬೇರೆ ಹೇಳಿದ್ರೆ ಅದನ್ನೇ ಇಟ್ಕೊಳ್ಳಿ. ಫ್ರೀ ಪ್ಲೇ ಇಲ್ದೇ ಬಿಗಿದ್ರೆ ಕ್ಲಚ್ ಪೂರ್ತಿ ಹಿಡಿಯಲ್ಲ, ಜಾರಿ ಜಾರಿ ಸವೆಯುತ್ತೆ.

ಪ್ರಶ್ನೆ: ಬೆಳಿಗ್ಗೆ ಸೈಲೆನ್ಸರ್ ತುದಿಯಿಂದ ನೀರು ತೊಟ್ಟಿಕ್ಕುತ್ತೆ. ಹೆಡ್ ಗ್ಯಾಸ್ಕೆಟ್ ಹೋಗಿದೆಯಾ?

ಉತ್ತರ: ಹೆಡ್ ಗ್ಯಾಸ್ಕೆಟ್, ಅಂದ್ರೆ ಎಂಜಿನ್‌ನ ಮೇಲ್ಭಾಗ ಕೆಳಭಾಗದ ಮಧ್ಯದ ಸೀಲ್, ಹೋಗಿದ್ರೆ ರೇಡಿಯೇಟರ್ ನೀರು ಎಂಜಿನ್ ಒಳಗೆ ಸೋರಬಹುದು; ಆ ನೀರು ಕಮ್ಮಿ ಆಗ್ತಿಲ್ಲ ಅಂದ್ರೆ ಭಯ ಬೇಡ. 1 ಲೀಟರ್ ಪೆಟ್ರೋಲ್ ಉರಿದ್ರೆ ಹೆಚ್ಚುಕಮ್ಮಿ 1 ಲೀಟರ್ ನೀರೇ ಆವಿಯಾಗಿ ಬರುತ್ತೆ, ತಣ್ಣಗಿರೋ ಪೈಪಲ್ಲಿ ಅದು ಮತ್ತೆ ನೀರಾಗುತ್ತೆ. ದಿನಾ ಬರೀ ಹತ್ತಿರ ಓಡಿಸಿ ನಿಲ್ಸಿದ್ರೆ ಆ ನೀರು ಒಣಗಲ್ಲ, ಸೈಲೆನ್ಸರ್ ಡಬ್ಬ ಒಳಗಿಂದಲೇ ತುಕ್ಕು ಹಿಡಿಯುತ್ತೆ. ವಾರಕ್ಕೊಮ್ಮೆ ಆದ್ರೂ ಎಂಜಿನ್ ಚೆನ್ನಾಗಿ ಕಾಯೋ ತನಕ ಓಡಿಸಿ.

ಪ್ರಶ್ನೆ: ಸೈಲೆನ್ಸರ್ ಲೀಕ್ ಇದೆ, ಸೌಂಡ್ ಸಣ್ಣದು, ಒಳಗೆ ಸ್ವಲ್ಪ ಹೊಗೆ ವಾಸನೆ. ಮನೆಯವ್ರಿಗೆ ದೂರ ಹೋದ್ರೆ ತಲೆನೋವು ಬರುತ್ತೆ. ಮುಂದಿನ ತಿಂಗಳು ಮಾಡಿಸಿದ್ರೆ ಆಗುತ್ತಾ?

ಉತ್ತರ: ಆಗಲ್ಲ, ದಯವಿಟ್ಟು ಇವತ್ತಿಂದಲೇ ಗಾಡಿ ನಿಲ್ಸಿ. ಆ ಹೊಗೇಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತೆ, ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ನಿಮಗೆ ಬರ್ತಿರೋ ವಾಸನೆ ಜೊತೆಗಿನ ಬೇರೆ ಗ್ಯಾಸ್‌ಗಳದ್ದು. ತಲೆನೋವು, ತಲೆಸುತ್ತು, ವಾಕರಿಕೆ ಅದರ ಮೊದಲ ಲಕ್ಷಣ. ಮನೆಯವ್ರನ್ನ ಡಾಕ್ಟರಿಗೂ ತೋರ್ಸಿ, ಕಾರಿನ ಹೊಗೆ ವಿಷ್ಯ ಬಾಯಿ ಬಿಟ್ಟು ಹೇಳಿ. ಕಿಟಕಿ ತೆಗೆದು ಓಡಿಸ್ತೀನಿ ಅನ್ನೋ ಸಮಾಧಾನವೂ ಬೇಡ. ಮೆಕ್ಯಾನಿಕ್‌ನ ಗಾಡಿ ಹತ್ರಕ್ಕೇ ಕರೆಸಿ, ಇಲ್ಲಾಂದ್ರೆ ಟೋ ಮಾಡಿಸಿ. ಲೀಕ್ ಜೊತೆಗೆ ಫ್ಲೋರಲ್ಲಿ ತುಕ್ಕು ತಿಂದ ತೂತು, ಗೇರ್ ಲಿವರ್ ಬುಡ ಮುಚ್ಚೋ ಹರಿದ ಬೂಟು, ಸರಿಯಾಗಿ ಕೂರದ ಡಿಕ್ಕಿ ಬಾಗಿಲ ರಬ್ಬರ್ ಬೀಡಿಂಗು ಮೂರನ್ನೂ ನೋಡೋಕೆ ಹೇಳಿ, ಹೊಗೆ ಒಳಗೆ ಬರೋದು ಹೆಚ್ಚಾಗಿ ಇಲ್ಲಿಂದಲೇ.