ಗುಂಡಿ ತೋಡುವ ಆಗರ್‌ಗೆ ಯಾವ ಕಂಪನಿಯ ಹೈಡ್ರಾಲಿಕ್ ಮೋಟಾರ್ ಬಾಳಿಕೆ ಬರುತ್ತೆ?

ನಾಲ್ಕು ವರ್ಷದ ಹಿಂದೆ ನಾನೂ ಇದನ್ನೇ ಕೇಳುತ್ತಾ ಅಂಗಡಿ ಅಂಗಡಿ ಅಲೆದಿದ್ದೆ. ಕಂಪನಿ ಹೆಸರು ಬಿಡಿ, ನನ್ನ ಮೋಟಾರ್ ಕೆಟ್ಟೇ ಇರಲಿಲ್ಲ.

ವಿಜಯಪುರ ಜಿಲ್ಲೆಯ ತಿಕೋಟಾ ಕಡೆ ನಮ್ಮದು ಮಡ್ಡಿ ಹೊಲ, ಒಂದು ಮೊಳ ಅಗೆದರೆ ಗರಸು. ದ್ರಾಕ್ಷಿ ಕಂಬಕ್ಕೆ ಗುಂಡಿ ತೆಗೆಯಲು ಟ್ರ್ಯಾಕ್ಟರ್‌ಗೆ ಆಗರ್ ಮಾಡಿಸಿದೆ. 400 ಸಿಸಿ (ಒಂದು ಸುತ್ತಿಗೆ ಅಷ್ಟು ಎಣ್ಣೆ ಕುಡಿಯುವ) ಆರ್ಬಿಟಲ್ ಮೋಟಾರ್, ಅಂದರೆ ನಿಧಾನಕ್ಕೆ ತಿರುಗಿ ಹೆಚ್ಚು ಬಲ ಕೊಡುವ ಬಗೆಯದು. ಎಣ್ಣೆ ಹೋಗಿ ಬರಲು ಎರಡು ದೊಡ್ಡ ತೂತು, ಪಕ್ಕದಲ್ಲಿ ಇನ್ನೊಂದು ಸಣ್ಣದು. ಫಿಟ್ಟರ್ "ಇದು ಬೇಕಾಗಂಗಿಲ್ರಿ" ಅಂದು ಸಣ್ಣದಕ್ಕೆ ಬೋಲ್ಟ್ ಬಿಗಿದ. ಒಂದು ಪೈಪಿನ ದುಡ್ಡು ಉಳೀತಲ್ಲ ಅಂತ ನಾನೂ ಹೂಂ ಅಂದೆ.

ಎರಡನೇ ದಿನ ಶಾಫ್ಟ್ ಬುಡದಿಂದ ಎಣ್ಣೆ ಚಿಮ್ಮಿತು, ತೋಡಿದ ಮಣ್ಣೆಲ್ಲಾ ಕರ್ರಗೆ. ಶಾಫ್ಟ್ ಸುತ್ತ ಎಣ್ಣೆ ತಡೆಯುವ ಸೀಲ್ ಹೋಗಿತ್ತು. ಹೊಸದು ಹಾಕಿದೆ, ಅದೂ ಹೋಯಿತು. ಮೂರನೆಯದೂ. ಸೀಲ್‌ಗೆ ದೊಡ್ಡ ದುಡ್ಡೇನಲ್ಲ, ಆದರೆ ಪ್ರತಿ ಸಲ ಬಕೆಟ್‌ಗಟ್ಟಲೆ ಎಣ್ಣೆ ಹೋಗುತ್ತೆ, ಆಳುಗಳು ಬದುವಿನ ಮೇಲೆ ಸುಮ್ನೆ ಕೂತಿರ್ತಾರೆ, ಅವರ ಕೂಲಿ ಮಾತ್ರ ನಿಲ್ಲಲ್ಲ.

ಆ ಸಣ್ಣ ತೂತು ಡ್ರೇನ್. ಮೋಟಾರ್ ಎಷ್ಟೇ ಹೊಸದಿರಲಿ, ಒಳಗೆ ಸ್ವಲ್ಪ ಎಣ್ಣೆ ಸೋರುತ್ತಲೇ ಇರುತ್ತೆ. ರಿಟರ್ನ್ ಲೈನಿನಲ್ಲಿ, ಅಂದರೆ ಎಣ್ಣೆ ಟ್ಯಾಂಕಿಗೆ ವಾಪಸ್ ಹೋಗುವ ಪೈಪಿನಲ್ಲಿ, ಒತ್ತಡ ಕಡಿಮೆ ಇದ್ದರೆ ಕೆಲವು ಮೋಟಾರಿನಲ್ಲಿ ಅದು ಅದೇ ದಾರಿ ಹಿಡಿದು ಹೋಗುತ್ತೆ. ನನ್ನದರಲ್ಲಿ ರಿಟರ್ನ್ ಫಿಲ್ಟರ್ ಕಟ್ಟಿಕೊಂಡಿತ್ತು, ಡ್ರೇನ್‌ಗೆ ಬೋಲ್ಟ್. ಇನ್ನೆಲ್ಲಿ ಹೋಗಬೇಕು ಹೇಳಿ, ಸೀಲ್ ತಳ್ಳಿಕೊಂಡೇ ಬರಬೇಕು ಅಲ್ವಾ? ಕೊನೆಗೆ ಬೋಲ್ಟ್ ತೆಗೆಸಿ, ಅಲ್ಲಿಂದ ಬೇರೆ ಪೈಪ್ ಎಳೆದು ನೇರ ಟ್ಯಾಂಕಿಗೆ ಬಿಟ್ಟೆ. ರಿಟರ್ನ್‌ಗೆ ಸೇರಿಸಬೇಡಿ, ಅದು ಬೋಲ್ಟ್ ಹಾಕಿದ ಹಾಗೇ. ನಾಲ್ಕನೇ ಸೀಲ್ ಇವತ್ತಿಗೂ ಅದೇ ಇದೆ. ಈಗ ಆಗಾಗ ಆ ಪೈಪ್ ಬಿಚ್ಚಿ ಡಬ್ಬಿಗೆ ಹಿಡಿದು ನೋಡ್ತೀನಿ. ಮೋಟಾರ್ ಸವೆದಷ್ಟೂ ಅಲ್ಲಿ ಎಣ್ಣೆ ಜಾಸ್ತಿ ಬರುತ್ತೆ.

ಕೊಳ್ಳುವಾಗ ನೋಡಬೇಕಾದ್ದು ಸಿಸಿ. ಪಂಪ್ ನಿಮಿಷಕ್ಕೆ 40 ಲೀಟರ್ ಕೊಟ್ಟರೆ 400 ಸಿಸಿ ಮೋಟಾರ್ ಲೆಕ್ಕಕ್ಕೆ 100 ಸುತ್ತು ತಿರುಗುತ್ತೆ, 100 ಸಿಸಿಯದು 400 ಸುತ್ತು. ಅಂಗಡಿಯವರು ಜೋರಾಗಿ ತಿರುಗುವುದನ್ನೇ ತೋರಿಸ್ತಾರೆ. ಆದರೆ ಅದೇ ಒತ್ತಡಕ್ಕೆ 100 ಸಿಸಿಯದರ ತಿರುಚುವ ಬಲ ನಾಲ್ಕರಲ್ಲಿ ಒಂದು ಪಾಲು, ಗರಸಿಗೆ ತಾಗಿದ ಕೂಡಲೇ ನಿಂತುಬಿಡುತ್ತೆ. ಗೇರ್ ಮೋಟಾರನ್ನು (ಜೋರಾಗಿ ತಿರುಗುವ, ಬಲ ಕಡಿಮೆ ಇರುವ ಬಗೆಯದನ್ನು) ನೇರವಾಗಿ ಆಗರ್‌ಗೆ ಹಾಕುವುದಂತೂ ಬೇಡವೇ ಬೇಡ. ಆಗರಿನ ಭಾರ ಮೋಟಾರ್ ಶಾಫ್ಟಿಗೆ ನೇತುಹಾಕಬೇಡಿ, ನಡುವೆ ಆ ಭಾರ ಹೊರಲು ಬೇರಿಂಗ್ ಹೌಸಿಂಗ್ ಮಾಡಿಸಿ. ರಿಟರ್ನ್ ಪೈಪ್ ಜೋಡಿಸುವ ಕಪ್ಲರ್ ಟಕ್ ಅಂತ ಪೂರ್ತಿ ಕೂರದೆ ಎಣ್ಣೆ ಬಿಡುವ ಲಿವರ್ ಮುಟ್ಟಬೇಡಿ, ಇಲ್ಲದಿದ್ದರೆ ಎಣ್ಣೆಗೆ ವಾಪಸ್ ದಾರಿ ಇರಲ್ಲ.

ನಿಮ್ಮ ಪಂಪ್ ಎಷ್ಟು ಲೀಟರ್ ಅಂತ ಟ್ರ್ಯಾಕ್ಟರ್ ಬುಕ್‌ನಲ್ಲಿ ನೋಡಿ ಹೇಳಿ, ಎಷ್ಟು ಸಿಸಿ ಬೇಕು ಅಂತ ಲೆಕ್ಕ ಹಾಕೋಣ.