ಪೆಟ್ಟಿಗೆಯೊಳಗೆ ತಾಯಿಯೂ ಇದ್ದಳು

ತೀರ್ಥಹಳ್ಳಿಯ ಓದುಗರೊಬ್ಬರ ಪತ್ರ: ‘ಎಂಟನೇ ಕ್ಲಾಸಿನ ಮಗಳ ಜೊತೆ ಟೀವಿಯಲ್ಲಿ 2010ರ ಕ್ಲ್ಯಾಶ್ ಆಫ್ ದಿ ಟೈಟನ್ಸ್ ಸಿನಿಮಾ ನೋಡಿದೆ. ಮಗು ಪೆಟ್ಟಿಗೆಯಲ್ಲಿ ತೇಲಿ ಬಂದದ್ದು ನೋಡಿ “ಇದು ಕರ್ಣನ ಕಥೆ ಅಲ್ವಾ ಅಪ್ಪಾ?” ಅಂದಳು. ಗ್ರೀಕರ ಮೂಲ ಕಥೆಯೂ ಹೀಗೇ ಇದೆಯೇ? ಯಮನಂಥ ಆ ಹೇಡೀಸ್ ಅಷ್ಟು ಕೆಟ್ಟವನೇ?’

ಉತ್ತರ: ನಿಮ್ಮ ಮಗಳ ಪ್ರಶ್ನೆ ಓದಿ ತುಂಬಾ ಖುಷಿಯಾಯಿತು. ಕಥೆಯ ಜೀವ ಇರುವ ಜಾಗವನ್ನೇ ಅವಳು ಹಿಡಿದಿದ್ದಾಳೆ. ಆದರೆ ಒಂದು ವ್ಯತ್ಯಾಸ ಇದೆ. ಕುಂತಿ ಮಗುವನ್ನು ಹೊಳೆಗೆ ಬಿಟ್ಟು ದಡದಲ್ಲೇ ಉಳಿದಳು. ಸಿನಿಮಾದಲ್ಲಿ ತೇಲಿ ಬಂದ ಆ ಮಗು, ಕಥಾನಾಯಕ ಪರ್ಸಿಯಸ್‌ನ ತಾಯಿ ಡನಾಯಿ ಮಗುವಿನ ಜೊತೆ ಪೆಟ್ಟಿಗೆಯೊಳಗೇ ಇದ್ದಳು, ಜೀವಂತವಾಗಿ. ಸಿನಿಮಾದಲ್ಲಿ ಪೆಟ್ಟಿಗೆ ತೆರೆದಾಗ ಅವಳು ಹೆಣವಾಗಿರುತ್ತಾಳೆ. ನನ್ನ ತಕರಾರು ಇರುವುದು ಅಲ್ಲೇ.

ಆರ್ಗೋಸಿನ ರಾಜ ಅಕ್ರಿಸಿಯಸ್‌ಗೆ ಮೊಮ್ಮಗನಿಂದಲೇ ಸಾವು ಎಂಬ ಭವಿಷ್ಯವಾಣಿ ಆಗಿತ್ತು. ಹೆದರಿದ ಅವನು ಮಗಳನ್ನು ಕೂಡಿಹಾಕಿದ. ದೇವತೆಗಳ ರಾಜ ಜ್ಯೂಸ್ ಚಿನ್ನದ ಮಳೆಯಾಗಿ ಒಳಗೆ ಬಂದ, ಮಗು ಹುಟ್ಟಿತು. ತಾತನು ತಾಯಿ-ಮಗು ಇಬ್ಬರನ್ನೂ ಪೆಟ್ಟಿಗೆಗೆ ಹಾಕಿ ಸಮುದ್ರಕ್ಕೆ ದೂಡಿಸಿದ. ಸುಮಾರು 2,500 ವರ್ಷ ಹಿಂದೆ ಸೈಮೊನೈಡೀಸ್ ಎಂಬ ಕವಿ ಆ ರಾತ್ರಿಯ ಬಗ್ಗೆ ಹಾಡು ಕಟ್ಟಿದ. ಅದರ ಒಂದು ತುಣುಕು ಮಾತ್ರ ಉಳಿದಿದೆ. ಹೊರಗೆ ಗಾಳಿ, ಅಲೆ. ಒಳಗೆ ಕತ್ತಲೆ. ಡನಾಯಿಯ ಕೆನ್ನೆ ಒದ್ದೆಯಾಗಿದೆ. ಮಗುವನ್ನು ತಬ್ಬಿಕೊಂಡಿದ್ದಾಳೆ. ನಾನಿಷ್ಟು ಕಷ್ಟದಲ್ಲಿದ್ದೇನೆ, ನೀನು ನೆಮ್ಮದಿಯಾಗಿ ಮಲಗಿದ್ದೀಯಲ್ಲ ಅನ್ನುತ್ತಾಳೆ. ಆಮೇಲೆ ಮಲಗು ಕಂದಾ, ಸಮುದ್ರವೂ ಮಲಗಲಿ, ನಮ್ಮ ಕಷ್ಟವೂ ಮಲಗಲಿ ಎಂದು ಬೇಡಿಕೊಳ್ಳುತ್ತಾಳೆ. ಇದು ಜೋಗುಳವೇ. ಎಷ್ಟು ಸಲ ಓದಿದರೂ ನನಗೆ ಗಂಟಲು ಕಟ್ಟುತ್ತದೆ.

ಸೆರಿಫೋಸ್ ದ್ವೀಪದ ಡಿಕ್ಟಿಸ್ ಎಂಬಾತ ಅವರನ್ನು ಕಾಪಾಡಿ ಮಗುವನ್ನು ಸಾಕಿದ. ಅವನ ಅಣ್ಣತಮ್ಮನಾದ ರಾಜ ಪಾಲಿಡೆಕ್ಟಿಸ್‌ನ ಕಣ್ಣು ಡನಾಯಿ ಮೇಲೆ ಬಿತ್ತು. ಬೆಳೆದ ಮಗ ಅಡ್ಡ ನಿಂತಿದ್ದಾನೆ. ಅದಕ್ಕೇ, ತಲೆ ತುಂಬ ಹಾವುಗಳಿರುವ, ನೋಡಿದವರನ್ನು ಕಲ್ಲಾಗಿಸುವ ರಾಕ್ಷಸಿ ಮೆಡೂಸಾಳ ತಲೆ ತಾ ಎಂದು ಅವನನ್ನು ಸಾಯಲು ಕಳಿಸಿದ. ಇಷ್ಟನ್ನೂ ತೆಗೆದುಹಾಕಿ ಸಿನಿಮಾದವರು ಸುಮ್ನೆ ಒಂದು ಸೇಡಿನ ಕಥೆ ಮಾಡಿದರು. ಸೇಡು ಯಾವ ಸಾಹಸ ಸಿನಿಮಾದಲ್ಲಿ ಇಲ್ಲ ಹೇಳಿ?

ಸೇಡಿಗೆ ಒಬ್ಬ ಖಳ ಬೇಕಾಯಿತು, ಹೇಡೀಸ್ ಸಿಕ್ಕಿಬಿದ್ದ. ಗ್ರೀಕರ ಹೇಡೀಸ್ ಜ್ಯೂಸ್‌ನ ಪಟ್ಟ ಕಸಿಯಲು ಹೊರಟವನಲ್ಲ. ಮೂವರು ಅಣ್ಣತಮ್ಮಂದಿರು ಚೀಟಿ ಎತ್ತಿದಾಗ ಜ್ಯೂಸ್‌ಗೆ ಆಕಾಶ, ಪೊಸೈಡನ್‌ಗೆ ಸಮುದ್ರ, ಹೇಡೀಸ್‌ಗೆ ಸತ್ತವರ ಲೋಕ ಬಂತು ಎಂದು ಹೋಮರನ ಮಹಾಕಾವ್ಯ ಇಲಿಯಡ್‌ನಲ್ಲಿದೆ. ಅವನೇನೂ ಸಾಚಾ ಅಲ್ಲ, ಪರ್ಸೆಫೊನಿ ಎಂಬ ದೇವತೆಯನ್ನು ಬಲವಂತವಾಗಿ ಹೊತ್ತೊಯ್ದವನು. ಆದರೆ ಮೆಡೂಸಾಳನ್ನು ಕೊಂದ ಪರ್ಸಿಯಸ್ ಅವಳ ಅಕ್ಕಂದಿರ ಕಣ್ಣು ತಪ್ಪಿಸಿದ್ದು ಹೇಡೀಸನ ಮಾಯದ ಟೋಪಿ ಹಾಕಿಕೊಂಡೇ.

ಸಿನಿಮಾದ ಕಡಲ ರಾಕ್ಷಸ ಕ್ರಾಕನ್ ಗ್ರೀಕರದ್ದಲ್ಲ, ನಾರ್ವೆ ಕಡೆಯ ಕಡಲ ಕಥೆಗಳದ್ದು. ರೆಕ್ಕೆಯ ಕುದುರೆ ಪೆಗಾಸಸ್ ಹುಟ್ಟಿದ್ದೇ ಮೆಡೂಸಾಳ ಕತ್ತು ಕತ್ತರಿಸಿದಾಗ.

ಸಾಧ್ಯವಾದರೆ ಇದೇ ಹೆಸರಿನ 1981ರ ಸಿನಿಮಾವನ್ನೂ ಮಗಳಿಗೆ ತೋರಿಸಿ. ಅಲ್ಲೂ ಬದಲಾವಣೆ ಜಾಸ್ತಿ, ಕ್ರಾಕನ್ ಅಲ್ಲೂ ಇದೆ. ಆದರೆ ತಾಯಿ ಬದುಕುತ್ತಾಳೆ. ಅದರ ಮೆಡೂಸಾ ಕಂಪ್ಯೂಟರಿನಲ್ಲಿ ಮಾಡಿದ್ದಲ್ಲ. ರೇ ಹ್ಯಾರಿಹೌಸನ್ ಗೊಂಬೆಯನ್ನು ಚೂರುಚೂರೇ ಅಲುಗಿಸಿ, ಒಂದೊಂದೇ ಫ್ರೇಮ್ ತೆಗೆದರು. ಬೆಂಕಿಯ ಬೆಳಕಲ್ಲಿ ಅವಳು ಕೈಯೂರಿ ತೆವಳಿ ಬರುವಾಗ ತಲೆಯ ಮೇಲಿನ ಪ್ರತಿ ಹಾವೂ ಬೇರೆಬೇರೆ ಆಡುತ್ತದೆ.

ಕೊನೆಯನ್ನು ಮಾತ್ರ ನೀವೇ ಬಾಯಲ್ಲಿ ಹೇಳಿ. ಪರ್ಸಿಯಸ್ ಸೆರಿಫೋಸ್‌ಗೆ ವಾಪಸ್ ಬಂದಾಗ ತಾಯಿ ರಾಜನ ಕಾಟ ತಾಳಲಾರದೆ, ಡಿಕ್ಟಿಸ್ ಜೊತೆ ದೇವರ ಪೀಠದ ಬಳಿ ಆಸರೆ ಪಡೆದಿದ್ದಳು. ಪರ್ಸಿಯಸ್ ಅರಮನೆಗೆ ನಡೆದು, ಮುಖ ಆಚೆ ತಿರುಗಿಸಿ, ಚೀಲದಿಂದ ಆ ತಲೆ ತೆಗೆದು ಹಿಡಿದ. ಯಾರು ಹೇಗಿದ್ದರೋ ಹಾಗೇ ಕಲ್ಲಾದರು. ಡಿಕ್ಟಿಸ್‌ನನ್ನು ರಾಜನನ್ನಾಗಿ ಮಾಡಿ, ತಾಯಿಯನ್ನು ಕರೆದುಕೊಂಡು ಆರ್ಗೋಸಿಗೆ ಹೊರಟ.